ಅತ್ತೆಗೆ ಉತ್ತರ ಸಿಗದ ದಿನ

ಅದನ್ನು ಮೊದಲು ಕಂಡವಳು ನನ್ನ ಸೋದರತ್ತೆ. ತರೀಕೆರೆಯ ಮನೆಯ ಅಡಿಗೆಮನೆಯಲ್ಲಿ ಇಬ್ಬರೂ ಬೆಳಗಿನ ಕಾಫಿ ಕುಡಿಯುತ್ತಾ ಕೂತಿದ್ದೆವು. "ತುಟಿ ಮೇಲೆ ಹಾಲಿನ ಕೆನೆ ಅಂಟ್ಕೊಂಡೈತೆ ಕಣೇ, ಒರೆಸ್ಕೋ" ಅಂದಳು. ಒರೆಸಿಕೊಂಡೆ. "ಇನ್ನೂ ಐತೆ" ಅಂದಳು. ಮತ್ತೆ ಒರೆಸಿಕೊಂಡೆ. ಕೊನೆಗೆ ತಾನೇ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಚಿಕ್ಕ ಮಗುವಿನ ಬಾಯಿ ಒರೆಸುವವಳಂತೆ ನನ್ನ ಗಲ್ಲ ಹಿಡಿದು ಉಜ್ಜಿದಳು. ಉಜ್ಜುತ್ತಿದ್ದ ಕೈ ಹಾಗೇ ನಿಂತುಬಿಟ್ಟಿತು. ಅವಳ ಮುಖ ನೋಡಿ ನನಗೆ ಏನನ್ನಿಸಿತೋ, ಎದ್ದು ಹೋಗಿ ಕನ್ನಡಿ ನೋಡಿದೆ. ಕೆಳತುಟಿಯ ಮೂಲೆಯಲ್ಲಿ ಅವರೆಕಾಳಿನಷ್ಟು ಅಗಲದ ಬಿಳಿ ಮಚ್ಚೆ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನನಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಅಜ್ಜಂಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ನಾನು ತೀರಾ ಚಿಕ್ಕವಳಿದ್ದಾಗಲೇ ಅಮ್ಮ ಹೋಗಿಬಿಟ್ಟಿದ್ದರಿಂದ ನನ್ನನ್ನು ಸಾಕಿದವಳು ಅಪ್ಪನ ಅಕ್ಕನಾದ ಈ ಅತ್ತೆಯೇ. ಗಂಡ ಸತ್ತ ಮೇಲೆ ಮಕ್ಕಳಿಲ್ಲದ ಅವಳು ನಮ್ಮ ಮನೆಗೆ ಬಂದು ನಿಂತವಳು. ಅಪ್ಪನಿಗೆ ಬೀರೂರು ಜಂಕ್ಷನ್ನಿನಲ್ಲಿ ಸಿಗ್ನಲ್ ದೀಪಗಳಿಗೆ ಎಣ್ಣೆ ಹಾಕಿ ಹಚ್ಚುವ ಕೆಲಸ. ಅಲ್ಲೇ ಇದ್ದು, ಬಿಡುವಾದಾಗ ತರೀಕೆರೆಗೆ ಬರುತ್ತಿದ್ದ. ನಾನು ವಾರವಿಡೀ ಅಜ್ಜಂಪುರದ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಬೀರೂರಿನಲ್ಲಿ ರೈಲು ಬದಲಿಸಿ ಮನೆ ಸೇರುತ್ತಿದ್ದೆ.

ನಾವು ಕ್ರೈಸ್ತರು, ತಾತನ ಕಾಲದಲ್ಲಿ ಸಭೆಗೆ ಸೇರಿದವರು. ತರೀಕೆರೆಯಲ್ಲಿ ಹೆಂಚು ಹೊದಿಸಿದ ಚಿಕ್ಕ ಚರ್ಚಿತ್ತು. ಅತ್ತೆಗೆ ಮಿಷನ್ನಿನವರು ಕೊಟ್ಟಿದ್ದ ಕೆಲಸವೆಂದರೆ ಊರೂರು ತಿರುಗಿ ಹೆಂಗಸರಿಗೆ ಯೇಸುಸ್ವಾಮಿಯ ಕಥೆ ಹೇಳುವುದು. ಕಂಕುಳಲ್ಲಿ ಸುತ್ತಿಟ್ಟ ಚಿತ್ರಪಟಗಳು, ಕೈಯಲ್ಲಿ ಗಂಡಸರ ದೊಡ್ಡ ಕೊಡೆ. ಕಡೂರಿನಿಂದ ಅಜ್ಜಂಪುರದವರೆಗೆ ಹಳ್ಳಿಗಳಲ್ಲಿ ಅವಳನ್ನು 'ಕಥೆಯಮ್ಮ' ಅಂತಲೇ ಕರೆಯುತ್ತಿದ್ದರು.

ಅವಳ ಬಾಯಲ್ಲಿ 'ಸ್ತೋತ್ರ' ಅನ್ನುವ ಮಾತು ಉಸಿರಿನಷ್ಟೇ ಸಲೀಸು. ರೈಲು ತಡವಾದರೆ, "ಸ್ತೋತ್ರ ಸ್ವಾಮಿ, ಕಾಲು ಚಾಚ್ಕೊಂಡು ಕೂರೋಕೆ ಪುರುಸೊತ್ತು ಕೊಟ್ಟೆ." ಸಾರಿಗೆ ಉಪ್ಪು ಹೆಚ್ಚಾದರೆ, "ಸ್ತೋತ್ರ, ಅನ್ನ ಜಾಸ್ತಿ ಸೇರ್ತೈತೆ." ಚಿಕ್ಕಂದಿನಲ್ಲಿ ಅವಳ ಜೊತೆ ಹೋದಾಗ ಕೆಲವು ಮನೆಗಳಲ್ಲಿ ನಮ್ಮನ್ನು ಹೊರಗೇ ನಿಲ್ಲಿಸಿ ತೆಂಗಿನ ಚಿಪ್ಪಿನಲ್ಲಿ ಮಜ್ಜಿಗೆ ಕೊಡುತ್ತಿದ್ದರು. ನಾನು ಚಿಪ್ಪನ್ನು ಹಾಗೇ ಹಿಡಿದು ನಿಲ್ಲುತ್ತಿದ್ದೆ. ಅವಳು ಗಟಗಟನೆ ಕುಡಿದು, "ಲೋಟ ತೊಳೆಯೋ ಕೆಲಸ ತಪ್ತು ಕಣೇ" ಎಂದು ಚಿಪ್ಪನ್ನು ಬೇಲಿಯಾಚೆ ಎಸೆದು ಬರುತ್ತಿದ್ದಳು. ಊಟದ ಪ್ರಾರ್ಥನೆಗೂ ಅವಳದೊಂದು ಕಟ್ಟಳೆ ಇತ್ತು. ಅನ್ನಕ್ಕೆ ಸ್ತೋತ್ರ ಹೇಳಿದ ಮೇಲೆ, ಆ ದಿನ ನಗು ತರಿಸಿದ ಒಂದು ಸಂಗತಿಗೂ ಸ್ತೋತ್ರ ಹೇಳಬೇಕು. "ಬೆಳಗಿಂದ ಸಂಜೆವರ್ಗೂ ಅಳೋರ ಮಾತೇ ಕೇಳಿ ಕೇಳಿ ಸ್ವಾಮಿಗೂ ಬೇಜಾರಾಗಿರ್ತೈತೆ" ಎನ್ನುತ್ತಿದ್ದಳು.

ಆದರೆ ನನ್ನ ತುಟಿಯ ಮಚ್ಚೆಗೆ ಅವಳು ಸ್ತೋತ್ರ ಹೇಳಲಿಲ್ಲ. ಆ ಬೆಳಿಗ್ಗೆ, "ಬಿಸಿ ಕಾಫಿ ಸುಟ್ಟಿರ್ಬೇಕು, ಹೋಗ್ತೈತೆ ಬಿಡು" ಅಂದಳು. ಹೋಗಲಿಲ್ಲ. ಒಂದೆರಡು ತಿಂಗಳಲ್ಲಿ ಮೇಲುತುಟಿಗೂ ಬಂತು, ಆಮೇಲೆ ಬಲಗೈ ಬೆರಳ ತುದಿಗಳಿಗೆ. ಆಸ್ಪತ್ರೆಯ ಡಾಕ್ಟರು ನೋಡಿ, "ಇದು ತೊನ್ನು ಕಣಮ್ಮ. ಕುಷ್ಠ ಅಲ್ಲ, ಅಂಟೋದೂ ಇಲ್ಲ. ಹೆದರ್ಬೇಡಿ" ಅಂದರು. ಅಂಟುವುದಿಲ್ಲ ಅನ್ನುವುದು ಡಾಕ್ಟರಿಗೆ ಗೊತ್ತು, ನನಗೆ ಗೊತ್ತು. ರೈಲಿನಲ್ಲಿ ನನ್ನ ಪಕ್ಕ ಕೂತು, ಮುಖ ನೋಡಿ, ಮೆಲ್ಲಗೆ ಎದ್ದು ಬೇರೆ ಕಡೆ ಹೋಗುವ ಹೆಂಗಸಿಗೆ ಅದನ್ನು ಯಾರು ಹೇಳಬೇಕು? ಯಾರೋ ಹೇಳಿದರೆಂದು ಬಾವಂಚಿ ಬೀಜ ಅರೆದು ಹಚ್ಚಿಕೊಂಡೆ. ತುಟಿ ಸುಟ್ಟು ಬೊಬ್ಬೆ ಎದ್ದವು. ಬೊಬ್ಬೆ ಒಣಗಿದ ಮೇಲೆ ಮಚ್ಚೆ ಇನ್ನಷ್ಟು ಅಗಲವಾಗಿ ಕಂಡಿತು.

ಅದೇ ಹೊತ್ತಿಗೆ ಕಡೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ, ಸೋದರಮಾವ ಮನೆಗೆ ಬಂದರು. ನಾನು ಮುಖಕ್ಕೆ ಪೌಡರು ಬಳಿದುಕೊಂಡು ಕಾಫಿ ತಂದುಕೊಟ್ಟೆ. ಹುಡುಗನ ತಾಯಿ ಲೋಟ ತೆಗೆದುಕೊಳ್ಳುವಾಗ ನನ್ನ ಬೆರಳು ನೋಡಿದರು, ಆಮೇಲೆ ತುಟಿ ನೋಡಿದರು. ಲೋಟವನ್ನು ಹಾಗೇ ನೆಲದ ಮೇಲಿಟ್ಟರು. ಅದನ್ನು ಕೊನೆಯವರೆಗೂ ಮುಟ್ಟಲಿಲ್ಲ. ಕೆಲವು ದಿನ ಬಿಟ್ಟು ಸೋದರಮಾವ ಒಬ್ಬನೇ ಬಸ್ಸಿಳಿದು ಬಂದ. ಒಳಗೆ ಕರೆದರೂ ಬರದೆ ಹೊಸ್ತಿಲಾಚೆ ನಿಂತು, "ಮಾತು ಇಲ್ಲಿಗೇ ಬಿಡೋಣ ಕಣಮ್ಮ. ಮುಂಚೇನೇ ಒಂದ್ ಮಾತು ಹೇಳ್ಬೋದಾಗಿತ್ತು ನೀವು" ಎಂದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಮನುಷ್ಯ ಕೂಗಾಡಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಅವನು ಮೆತ್ತಗೆ, ಒಳ್ಳೆಯ ಮಾತಿನಲ್ಲೇ ಹೇಳಿ ಹೋದ. ನಾವು ಏನೋ ಮೋಸ ಮಾಡಿ ಸಿಕ್ಕಿಬಿದ್ದವರ ಹಾಗೆ ಆಯಿತು.

ಅಲ್ಲಿಂದಾಚೆ ನನಗೆ ಸೆರಗೇ ಮುಖವಾಯಿತು. ಪಾಠ ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ; ಹಿಂದಿನ ಸಾಲಿನ ಹುಡುಗಿಯರಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಕಪ್ಪುಹಲಗೆಯ ಮೇಲೆ ಎಡಗೈಯಲ್ಲಿ ಬರೆಯಲು ಹೋಗಿ ಅಕ್ಷರ ಸೊಟ್ಟಪಟ್ಟವಾಗುತ್ತಿದ್ದವು. ಒಬ್ಬ ತಾಯಿ ಬಂದು ತನ್ನ ಮಗಳನ್ನು ಪಕ್ಕದ ಕ್ಲಾಸಿಗೆ ಹಾಕಿಸಿಕೊಂಡು ಹೋದಳು. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚರ್ಚಿನಲ್ಲಿ ಇನ್ನೂ ಕಷ್ಟ. ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಸಂಸ್ಕಾರದ ಭಾನುವಾರ ಎಲ್ಲರೂ ಸಾಲಾಗಿ ಮೊಣಕಾಲೂರುತ್ತಿದ್ದೆವು. ಪಾದ್ರಿ ಅಯ್ಯನವರು ಒಂದೇ ಬಟ್ಟಲನ್ನು ಒಬ್ಬೊಬ್ಬರ ತುಟಿಗೂ ಹಿಡಿಯುತ್ತಾ ಬರುತ್ತಿದ್ದರು. ಒಂದು ಸಲ ನಾನು ಕುಡಿದಾದ ಮೇಲೆ ಬಟ್ಟಲು ಪಕ್ಕದ ಹೆಂಗಸಿನ ಮುಂದೆ ಬಂದಿತು. ಆಕೆ ನನ್ನನ್ನು ಎತ್ತಿ ಆಡಿಸಿದವರು. ಬಾಯಿ ತೆರೆಯಲಿಲ್ಲ, ತಲೆ ತಗ್ಗಿಸಿಕೊಂಡೇ ಇದ್ದರು. ಅಯ್ಯನವರು ಒಂದು ಗಳಿಗೆ ಕಾದು ಮುಂದೆ ಹೋದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಮುಂದಿನ ತಿಂಗಳು ನಾನು ಬರುವುದಿಲ್ಲ ಎಂದು ಕೂತುಬಿಟ್ಟೆ. ಅತ್ತೆ ಕೇಳಲಿಲ್ಲ. ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಸಾಲಿನಲ್ಲಿ ನನ್ನ ಪಕ್ಕಕ್ಕೇ ನುಗ್ಗಿ ಮೊಣಕಾಲೂರಿದಳು. ನನ್ನ ನಂತರ ಬಟ್ಟಲು ಬಂದಾಗ ಅಯ್ಯನವರು ಎತ್ತಿಕೊಳ್ಳುವ ತನಕ ಬಿಡದೆ ಕುಡಿದಳು. ಹೊರಗೆ ಬಂದ ಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ, "ನಿನ್ ದೆಸೆಯಿಂದ ನಂಗೆ ಎರಡು ಗುಟುಕು ಜಾಸ್ತಿ ಸಿಗ್ತು, ಸ್ತೋತ್ರ" ಅಂದಳು. ನನಗೆ ನಗು ಬಂತು. ನಕ್ಕಿದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಬೇಸಿಗೆ ರಜೆಯಲ್ಲಿ ಮನೆಯ ಮೂಲೆ ಹಿಡಿದು ಕೂತವಳನ್ನು ಅವಳು ಬಿಡಲಿಲ್ಲ. "ಪಟ ಬಿಚ್ಚಿ ಹಿಡ್ಕೊಳ್ಳೋಕೆ ನಂಗೊಬ್ರು ಬೇಕು. ಕೈ ನಡುಗ್ತೈತೆ" ಎಂದಳು. ಅವಳ ಕೈ ನಡುಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಹೊರಟೆ.

ಹಿರೇನಲ್ಲೂರಿಗೆ ಬಸ್ಸಿನಲ್ಲಿ ಹೋದೆವು. ಹೊಲಗಳೆಲ್ಲ ಖಾಲಿ ಬಿದ್ದಿದ್ದವು, ಬಿಸಿಲಿಗೆ ದೂರದ ಬೇಲಿಗಳು ಕುಣಿಯುತ್ತಿದ್ದವು. ಅತ್ತೆಗೆ ಪರಿಚಯವಿದ್ದ ಒಕ್ಕಲಿನವರ ಮನೆಯೊಂದರ ಜಗಲಿಯ ಮೇಲೆ ಐದಾರು ಹೆಂಗಸರು ಕೂತು ಹುಣಸೇಹಣ್ಣಿನ ಬೀಜ ತೆಗೆಯುತ್ತಿದ್ದರು. "ಬಾ ಕಥೆಯಮ್ಮ, ಕೈಗೆ ಕೆಲ್ಸ ಐತೆ, ಕಿವಿ ಖಾಲಿ ಐತೆ" ಎಂದು ಕರೆದರು. ನಾವು ಜಗಲಿಯ ಅಂಚಿನಲ್ಲಿ ಕೂತೆವು. ಅತ್ತೆ ಪಟಗಳನ್ನು ಒಂದೊಂದಾಗಿ ಬಿಚ್ಚಿ ಕೊಡುತ್ತಾ ಹೋದಳು, ನಾನು ಎರಡು ಕೈಯಲ್ಲಿ ಎತ್ತಿ ಹಿಡಿಯುತ್ತಾ ಹೋದೆ. ಪಟ ನನ್ನ ಮುಖಕ್ಕೆ ಅಡ್ಡವಾಗುತ್ತಿತ್ತು. ಅಷ್ಟರ ಮಟ್ಟಿಗೆ ಆ ಕೆಲಸ ನನಗೆ ಒಗ್ಗಿತ್ತು.

ಅತ್ತೆ ಕಥೆ ಹೇಳುವುದೇ ಒಂದು ಚೆಂದ. ದೋಣಿಯಲ್ಲಿ ಹೆದರಿದ ಶಿಷ್ಯರನ್ನು ಅವಳು ಹೇಳಿದರೆ ಅವರು ಅಯ್ಯನಕೆರೆಯಲ್ಲಿ ತೆಪ್ಪ ಮಗುಚಿಕೊಂಡವರ ಹಾಗೆ ಕಾಣುತ್ತಿದ್ದರು. ಹೆಂಗಸರು ನಕ್ಕರು, ಲೊಚಗುಟ್ಟಿದರು. ಮುಂದಿನ ಪಟ ಕೈಗೆ ಬಂದಾಗ ನಾನು ಅದರಲ್ಲಿ ಏನಿದೆ ಎಂದು ನೋಡಲಿಲ್ಲ, ಎತ್ತಿ ಹಿಡಿದೆ. ಯೇಸುಸ್ವಾಮಿ ಕುಷ್ಠರೋಗಿಯೊಬ್ಬನನ್ನು ಮುಟ್ಟುತ್ತಿರುವ ಚಿತ್ರ ಅದು. ರೋಗಿಯ ಮೈಮೇಲೆ ಚಿತ್ರಗಾರ ಬಿಳಿ ಬಿಳಿ ಕಲೆ ಬರೆದಿದ್ದ. ಪಟದ ಅಂಚು ಹಿಡಿದಿದ್ದ ನನ್ನ ಬೆರಳುಗಳೂ ಬಿಳಿ.

"ಯಾರೂ ಮುಟ್ಟದೋನನ್ನ ನಮ್ಮ ಸ್ವಾಮಿ ಮುಟ್ಟಿದ. ಮುಟ್ಟುತ್ಲೂ ವಾಸಿ ಆಯ್ತು, ಮೈಯೆಲ್ಲ ಕೂಸಿನ ಮೈ ಹಂಗಾಯ್ತು" ಅಂದಳು ಅತ್ತೆ.

ಆ ಮನೆಯ ಹಿರಿಯಳಾದ ಮುದುಕಿಯೊಬ್ಬಳು ಬೀಜ ತೆಗೆಯುವುದನ್ನು ನಿಲ್ಲಿಸಿದಳು. ಹಣೆಯ ತುಂಬ ವಿಭೂತಿ, ಕಣ್ಣು ಮಂಜಾದ ಹೆಂಗಸು. ನನ್ನ ಕೈಯನ್ನೇ ನೋಡಿದಳು. ಅಣಕ ಇರಲಿಲ್ಲ ಅವಳ ದನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ ಕೇಳಿದಳು.

"ಅಲ್ಲ ಕಥೆಯಮ್ಮ, ಅವನ್ಯಾರನ್ನೋ ಮುಟ್ಟಿ ವಾಸಿ ಮಾಡ್ದ ಅಂತೀಯ. ಈ ಹುಡುಗಿ ನಿಮ್ಮೋಳೇ ಅಲ್ವಾ? ಇವಳನ್ನ ಯಾಕೆ ಮಾಡ್ಲಿಲ್ಲ?"

ನನ್ನ ಕೈಯಲ್ಲಿದ್ದ ಪಟ ಇಳಿಯಿತು. ಜಗಲಿಯ ಮೇಲಿದ್ದ ಎಲ್ಲರೂ ನನ್ನ ಮುಖ ನೋಡಿದರು. ಸೆರಗು ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ. ಎಷ್ಟೋ ಸಲ ನಾಚಿದ್ದೇನೆ, ಆದರೆ ಆ ದಿನದ ನಾಚಿಕೆಯೇ ಬೇರೆ. ಅತ್ತೆ ಇಷ್ಟು ವರ್ಷ ಬಿಸಿಲಲ್ಲಿ ನಡೆದು ನಡೆದು ಹೇಳಿದ ಮಾತನ್ನು ನನ್ನ ಮುಖ ಒಂದೇ ಗಳಿಗೆಯಲ್ಲಿ ಸುಳ್ಳು ಮಾಡಿತ್ತು. ನಾನು ಅವಳ ಜೊತೆ ಬಂದದ್ದೇ ಅವಳಿಗೆ ಕೇಡಾಯಿತು ಅನ್ನಿಸಿತು.

ಅತ್ತೆ ಏನಾದರೂ ಅಂದುಬಿಡುತ್ತಾಳೆ, ಎಲ್ಲರನ್ನೂ ನಗಿಸಿಬಿಡುತ್ತಾಳೆ ಎಂದು ಕಾದೆ. ಅವಳು ಇಳಿದ ಪಟವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಂಗೂ ಗೊತ್ತಿಲ್ಲ ಕಣವ್ವ. ದಿನಾ ಅವನನ್ನೇ ಕೇಳ್ತಾ ಇದೀನಿ" ಅಂದಳು.

ಮುದುಕಿ ತಲೆಯಾಡಿಸಿದಳು. "ಗೊತ್ತಿಲ್ಲ ಅಂದ್ಯಲ್ಲ, ಅದು ಸರಿ. ಗೊತ್ತಿದ್ದೋಳ ಹಂಗೆ ಏನಾದ್ರೂ ಹೇಳಿದ್ರೆ ಎದ್ದು ಒಳಕ್ಕೆ ಹೋಗ್ತಿದ್ದೆ. ಇನ್ನೊಂದ್ ಕಿತ ಬಾ" ಎಂದು ಹೇಳಿ ನಮ್ಮಿಬ್ಬರಿಗೂ ಕುಡಿಯಲು ನೀರು ತರಿಸಿದಳು. ಅತ್ತೆ ಉಳಿದ ಪಟಗಳನ್ನು ಬಿಚ್ಚಲಿಲ್ಲ. ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದಳು.

ಬಸ್ಸು ಹತ್ತಿದೆವು. ಬೀರೂರಿನಲ್ಲಿ ಇಳಿದು ತರೀಕೆರೆಯ ರೈಲಿಗಾಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ಹೊತ್ತು ಇಳಿಯುತ್ತಿತ್ತು. ರೈಲು ತಡ ಎಂದು ಯಾರೋ ಹೇಳಿದರು. ಅದಕ್ಕೂ ಅವಳ ಬಾಯಿಂದ ಸ್ತೋತ್ರ ಬರಲಿಲ್ಲ. ಕಟ್ಟಿಕೊಂಡು ಬಂದಿದ್ದ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಯ ಗಂಟನ್ನು ಬಿಚ್ಚಿದಳು. ನಾನು ಕಣ್ಣು ಮುಚ್ಚಿ ಕಾದೆ. ಪ್ರಾರ್ಥನೆ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ರೊಟ್ಟಿಯನ್ನು ನೋಡುತ್ತಾ ಸುಮ್ಮನೆ ಕೂತಿದ್ದಾಳೆ. ಅಷ್ಟು ಮುದುಕಿಯಾಗಿ ಅವಳು ನನಗೆ ಅದುವರೆಗೂ ಕಂಡಿರಲಿಲ್ಲ.

"ಇವತ್ತು ನೀನೇ ಮಾಡು" ಅಂದಳು.

ನಾನು ಎಂದೂ ಗಟ್ಟಿಯಾಗಿ ಪ್ರಾರ್ಥನೆ ಮಾಡಿದವಳಲ್ಲ. ಅದೂ ಪ್ಲಾಟ್‌ಫಾರ್ಮಿನಲ್ಲಿ, ಕೂಲಿಗಳು, ಪ್ರಯಾಣಿಕರು ಓಡಾಡುತ್ತಿರುವಾಗ. ಆದರೆ ಅವಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ. "ಸ್ವಾಮಿ, ರೊಟ್ಟಿಗೆ ಸ್ತೋತ್ರ. ಚಟ್ನಿಗೆ ಸ್ತೋತ್ರ" ಅಂದೆ. ಇನ್ನು ನಗುವಿನ ಸಂಗತಿ ಬೇಕಲ್ಲ. ಆ ದಿನ ನಗುವಂಥದ್ದು ಏನಿತ್ತು? ಬಾಯಿಗೆ ಬಂದದ್ದನ್ನು ಹೇಳಿದೆ. "ನಮ್ಮತ್ತೆ ಬಾಯಿ ಮುಚ್ಚಿಸೋರು ಈ ಸೀಮೇಲೇ ಯಾರೂ ಇಲ್ಲ ಅಂದ್ಕೊಂಡಿದ್ದೆ. ಹಿರೇನಲ್ಲೂರಲ್ಲಿ ಒಬ್ರನ್ನ ಇಟ್ಟಿದ್ದೀಯಲ್ಲ, ಅದಕ್ಕೂ ಸ್ತೋತ್ರ. ಆಮೆನ್."

ಕಣ್ಣು ತೆರೆಯುವಷ್ಟರಲ್ಲಿ ಅವಳು ನಗಲು ಶುರು ಮಾಡಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅದು ಅಳುವಾಯಿತು. ಅಷ್ಟರಲ್ಲಿ ಅಪ್ಪ ದೀಪಗಳನ್ನು ಹಚ್ಚಿ ಮುಗಿಸಿ, ಸೀಮೆಎಣ್ಣೆಯ ವಾಸನೆಯೊಂದಿಗೆ ಬಂದು ನಮ್ಮ ಮುಂದೆ ನಿಂತ. ಅಕ್ಕನ ಮುಖ, ನನ್ನ ಮುಖ ನೋಡಿದ. "ಏನಾಯ್ತು?" ಅಂದ.

"ನಿನ್ ಮಗಳು ಸ್ವಾಮಿ ಹತ್ರ ನನ್ನ ಮೇಲೆ ಚಾಡಿ ಹೇಳ್ತಾಳೆ ಕಣೋ" ಅಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತಾ. ಅಪ್ಪ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ನನ್ನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಹೊರಟುಹೋದ.

ಅವನು ಹೋದ ಮೇಲೆ ಅತ್ತೆ ಹೇಳಿದಳು. "ದಿನಾ ಬೆಳಿಗ್ಗೆ ಬಾವಿ ಹತ್ರ ಹೋಗಿ ಅವನ ಜೊತೆ ಜಗಳ ಆಡ್ತೀನಿ ಕಣೇ, ನಿಂಗೆ ಕೇಳಿಸ್ಬಾರ್ದು ಅಂತ. ಆಮೇಲೆ ಮನೆಗೆ ಬಂದು ನಿನ್ನ ನಗಿಸ್ತೀನಿ. ಅದೆಲ್ಲ ನಿಂಗೆ ಧೈರ್ಯ ಹೇಳೋಕೆ ಅಂದ್ಕೊಂಡಿದ್ಯಾ? ಅಲ್ಲ. ನಾನು ಬಿದ್ದುಹೋಗ್ಬಾರ್ದು ಅಂತ."

ಅವಳ ನಂಬಿಕೆ ಕಲ್ಲಿನಂಥದ್ದು, ನನ್ನದು ಮಾತ್ರ ಅಲುಗಾಡುತ್ತದೆ ಎಂದುಕೊಂಡು ನಾನು ಅವಳ ಮುಂದೆ ಎಷ್ಟೋ ದಿನ ಕುಗ್ಗಿದ್ದೆ. ಆ ಸಂಜೆ ಆ ಭಾರ ಸ್ವಲ್ಪ ಇಳಿಯಿತು. ಜಗಳವಾಡುತ್ತಲೇ ಸ್ತೋತ್ರ ಹೇಳಬಹುದು ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಊಟದ ಪ್ರಾರ್ಥನೆಯನ್ನು ಒಂದು ದಿನ ಅವಳು, ಒಂದು ದಿನ ನಾನು ಹೇಳತೊಡಗಿದೆವು. ಅಜ್ಜಂಪುರದ ಕೋಣೆಯಲ್ಲಿ ಒಬ್ಬಳೇ ಇದ್ದಾಗಲೂ ತಟ್ಟೆಯ ಮುಂದೆ ಕೂತು ನಗುವಿನ ಸಂಗತಿ ಹುಡುಕುತ್ತಿದ್ದೆ. ಕೆಲವು ದಿನ ಸಿಗುತ್ತಿರಲಿಲ್ಲ. ಆಗ ಅನ್ನ ಆರಿಹೋಗುತ್ತಿತ್ತು.

ಶಾಲೆ ಮತ್ತೆ ಶುರುವಾದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಲಾಸಿಗೆ ಹೋದೆ. ಧೈರ್ಯದಿಂದ ಅಲ್ಲ, ಹೊಸ ಮಕ್ಕಳು, ಮೊದಲ ದಿನವೇ ನೋಡಿಬಿಡಲಿ ಎಂದು. ಮುಂದಿನ ಸಾಲಿನ ಒಂದು ಚಿಕ್ಕ ಹುಡುಗಿ ಎದ್ದು ನಿಂತು, "ಟೀಚರ್, ನಿಮ್ ತುಟಿಗೆ ಸುಣ್ಣ ಹತ್ತೈತೆ" ಅಂದಳು. "ಹೌದಮ್ಮ, ಎಲೆ ಅಡಿಕೆ ಮರೆತು ಬರೀ ಸುಣ್ಣ ತಿಂದ್ಬಿಟ್ಟೆ" ಅಂದೆ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಮಧ್ಯಾಹ್ನದ ಬಿಡುವಿನಲ್ಲಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಎರಡೂ ನಿಜ. ಆದರೆ ಆ ವರ್ಷ ಹಿಂದಿನ ಸಾಲಿನ ಹುಡುಗಿಯರಿಗೂ ನನ್ನ ಪಾಠ ಕೇಳಿಸಿತು.

ಅರವತ್ತರ ದಶಕದ ನಡುವಿನಲ್ಲಿ ನನಗೆ ಕಡೂರಿಗೆ ವರ್ಗವಾಯಿತು. ಅಷ್ಟರಲ್ಲಿ ಅಂಗೈ, ಮುಂಗೈ, ಕತ್ತು ಎಲ್ಲ ಬಿಳಿಯಾಗಿದ್ದವು. ಅತ್ತೆಗೆ ನಡೆಯಲು ಆಗುತ್ತಿರಲಿಲ್ಲ. ಅವಳನ್ನೂ ಕರೆದುಕೊಂಡು ಹೋಗಿ ಚಿಕ್ಕದೊಂದು ಮನೆ ಮಾಡಿದೆ. ಅಲ್ಲಿಗೆ ಹೋದ ಮೊದಲ ವಾರ ಸಂತೆಗೆ ಹೋಗಿ ಬದನೆಕಾಯಿ ಆರಿಸಲು ಬಗ್ಗಿದೆ. ಮಾರುತ್ತಿದ್ದವಳು, "ನೀವು ಮುಟ್ಬೇಡಿ, ನಾನೇ ಹಾಕ್ಕೊಡ್ತೀನಿ. ಕಾಸು ಆ ಗೋಣಿ ಮೇಲೆ ಇಡಿ" ಅಂದಳು. ಸುತ್ತ ಇದ್ದವರು ತಿರುಗಿ ನೋಡಿದರು. ಇಷ್ಟು ವರ್ಷಗಳಾದ ಮೇಲೆ ಇನ್ನು ತಾಗುವುದಿಲ್ಲ ಅಂದುಕೊಂಡಿದ್ದೆ. ತಾಗಿತು. ಕಿವಿಯವರೆಗೂ ಬಿಸಿಯಾಗಿ, ಅವಳು ಕೊಟ್ಟಿದ್ದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಹೆಚ್ಚಿ ನೋಡಿದರೆ ಒಂದೊಂದರಲ್ಲೂ ಹುಳ. ಅತ್ತೆ ಹಾಸಿಗೆಯಿಂದಲೇ, "ಹುಳಕ್ಕಾದ್ರೂ ಸ್ವಲ್ಪ ಬಿಟ್ಟು ತಿನ್ನೇ" ಅಂದಳು.

ಮುಂದಿನ ಸಂತೆಯ ದಿನ ಬೇರೆ ಕಡೆ ಕೊಳ್ಳೋಣ ಎಂದುಕೊಂಡೇ ಹೊರಟವಳು ಯಾಕೋ ಅವಳ ಮುಂದೆಯೇ ಹೋಗಿ ನಿಂತೆ. "ಏನಮ್ಮಾ, ಆರಿಸೋಕೂ ಬಿಡ್ದೆ ಬರೀ ಹುಳುಕು ಕೊಟ್ಟೆ ನಂಗೆ" ಅಂದೆ. "ನನ್ ಬದನೇಕಾಯಲ್ಲಿ ಹುಳನಾ? ಯಾರಂದೋರು?" ಎಂದು ಅವಳು ಎದ್ದು ನಿಂತಳು. ನಾನು ರಾಶಿಯಿಂದ ಒಂದನ್ನು ಎತ್ತಿ ಅದರ ತೂತು ತೋರಿಸಿದೆ. "ಎಲ್ಲೈತೆ? ಕೊಡಿ ಇಲ್ಲಿ!" ಎಂದು ನನ್ನ ಬೆರಳುಗಳ ಸಮೇತ ಹಿಡಿದೆಳೆದು ಬದನೆಕಾಯಿ ಕಿತ್ತುಕೊಂಡಳು. ಮುರಿದು ನೋಡಿದಳು. ಹುಳ ಇತ್ತು. "ಅಯ್ಯೋ ಇವನ ಮನೆ ಹಾಳಾಗ, ತಂದ್ಕೊಟ್ಟೋನೇ ಮೋಸ ಮಾಡವ್ನೆ" ಎಂದು ಬೈದುಕೊಳ್ಳುತ್ತಾ ಹಿಂದಿನ ಬುಟ್ಟಿಯಿಂದ ಒಳ್ಳೆಯವನ್ನು ಆರಿಸಿ ನನ್ನ ಚೀಲಕ್ಕೆ ತುಂಬಿದಳು.

ಅವಳು ನನ್ನ ಕೈ ಮುಟ್ಟಿದ್ದು ಅವಳಿಗೆ ಗೊತ್ತಾಗಲೇ ಇಲ್ಲ.